ಲೋಲಾಬಾಯಿಯ ಹೆಸರುಕಾಳು

ನಾನು ಬೆಳೆದ ಮನೆಗೆ ಎರಡು ಅಡುಗೆಮನೆಗಳಿದ್ದವು, ಎರಡೂ ನಮ್ಮವಲ್ಲ. ಎವರ್‌ಗ್ರೀನ್ ಗುಡ್ಡದ ಬುಡದಲ್ಲಿದ್ದ ಆ ಮನೆ ಲೋಲಾ ಸಿಯೋನಳದು. ಲೋಲಾ ಎಂದರೆ ಫಿಲಿಪೀನ್ಸಿನವರ ಮಾತಿನಲ್ಲಿ ಅಜ್ಜಿ. ಹಿಂಭಾಗದ ಎರಡು ಕೋಣೆಗಳಲ್ಲಿ ಅಪ್ಪ, ಅವ್ವ, ನಾನು ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಲೋಲಾ ಮತ್ತು ಅವಳ ಮಗಳು ಬೆತ್. ಬೆತ್‌ಳನ್ನು ನಾನು ಟೀಟಾ ಎನ್ನುತ್ತಿದ್ದೆ, ಚಿಕ್ಕಮ್ಮ ಎನ್ನುವ ಹಾಗೆ. ಮನೆಯೊಳಗಿನ ಅಡುಗೆಮನೆ ಬಂದವರು ನೋಡಲಿಕ್ಕೆಂದು ಇತ್ತು: ಬಿಳಿ ಟೈಲ್ಸು, ಗೋಡೆಗೆ ತೂಗುಹಾಕಿದ ಮೊಳದುದ್ದದ ಮರದ ಚಮಚ, ಅದರ ಜೋಡಿಗೆ ಅಷ್ಟೇ ಉದ್ದದ ಫೋರ್ಕು, ಯಾರೂ ಹಚ್ಚದ ಒಲೆ. ನಿಜವಾದ ಅಡುಗೆ ನಡೆಯುತ್ತಿದ್ದುದು ಗ್ಯಾರೇಜಿನಲ್ಲಿ. ಕಾರುಗಳು ವರ್ಷವಿಡೀ ಬೀದಿಯಲ್ಲಿ ಬಿಸಿಲು ಕಾಯುತ್ತಿದ್ದವು. ಗ್ಯಾರೇಜಿನೊಳಗೆ ಒಂದು ಗ್ಯಾಸ್ ಒಲೆ, ನನ್ನ ಎದೆಮಟ್ಟಕ್ಕೆ ಬರುವ ಅಕ್ಕಿಚೀಲ, ಮೊಳೆಗೆ ಸಿಕ್ಕಿಸಿದ ಬೆಳ್ಳುಳ್ಳಿ ಗೊಂಚಲು, ವಾಷಿಂಗ್ ಮಷೀನಿನ ಪಕ್ಕ ಒಂದು ಮಡಚುವ ಮೇಜು, ಇವೆಲ್ಲದರ ನಡುವೆ ಲೋಲಾ. ಕರಿದ ವಾಸನೆ ಸೋಫಾಕ್ಕೆ ಹತ್ತಬಾರದು ಎಂಬುದು ಇದರ ಹಿಂದಿನ ತತ್ವ. ಸೋಫಾಕ್ಕೆ ಹೇಗೂ ಪ್ಲಾಸ್ಟಿಕ್ ಹೊದಿಕೆ ಇತ್ತು, ಅದರ ಮೇಲೆ ಬೇಸಿಗೆಯಲ್ಲಿ ಕೂತರೆ ತೊಡೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಎಲ್ಲರೂ ಗ್ಯಾರೇಜಿನಲ್ಲೇ ಕೂರುತ್ತಿದ್ದೆವು.

ನಾವು ಆ ಮನೆ ಸೇರಿದ್ದು ಟೀಟಾ ಬೆತ್‌ಳಿಂದ. ಅವ್ವ ಧಾರವಾಡದಲ್ಲಿ ಡಾಕ್ಟರಿಕೆ ಓದಿ ಇಲ್ಲಿಗೆ ಬಂದು ಮತ್ತೆ ಮೊದಲಿನಿಂದ ತರಬೇತಿ ಶುರು ಮಾಡಿದ್ದಳು. ಆಸ್ಪತ್ರೆಯ ಅದೇ ವಾರ್ಡಿನಲ್ಲಿ ಟೀಟಾ ನರ್ಸು. ಅಪ್ಪ ಬೆಂಗಳೂರಿನವನು, ಆಫೀಸಿಗೆ ಹೋದರೆ ಸಂಜೆ ಕತ್ತಲಾಗದೆ ಬರುತ್ತಿರಲಿಲ್ಲ. ನನ್ನನ್ನು ಡೇಕೇರಿಗೆ ಬಿಟ್ಟು ಅಳುತ್ತಾ ಬಂದ ಅವ್ವನನ್ನು ನೋಡಿ ಟೀಟಾ, ನಮ್ಮ ಮನೆಯ ಹಿಂದಿನ ಕೋಣೆಗಳು ಖಾಲಿ ಇವೆ, ನಮ್ಮಮ್ಮನಿಗೆ ತಾನು ಮಾಡಿದ ಅಡುಗೆ ಉಣ್ಣಲು ಜನ ಬೇಕು ಎಂದಳಂತೆ. ಅವ್ವ ಹೋಗಿ ಮೊದಲ ದಿನವೇ ಷರತ್ತು ಹೇಳಿದಳು. ನಾವು ಮಾಂಸ ತಿನ್ನುವುದಿಲ್ಲ, ಮೀನಿಲ್ಲ, ಮೊಟ್ಟೆಯೂ ಇಲ್ಲ. ಲೋಲಾ ಆಡುತ್ತಿದ್ದುದು ತುಂಡುತುಂಡು ಇಂಗ್ಲಿಷು. ನನ್ನೊಳಗೆ ಅದು ಕನ್ನಡವಾಗಿ ಉಳಿದಿರುವುದರಿಂದ ಹಾಗೆಯೇ ಬರೆಯುತ್ತೇನೆ. ಅವಳು ಅವ್ವನ ಕೈ ಹಿಡಿದು ಹೇಳಿದ್ದು ಇಷ್ಟು:

“ನಮಗೆ ಈಸ್ಟರಿಗೆ ಮುಂಚೆ ಶುಕ್ರವಾರ ಮಾಂಸ ಇಲ್ಲ. ನಿಮಗೆ ದಿನಾ ಶುಕ್ರವಾರ. ಅಷ್ಟೇ ತಾನೇ? ಮಗು ನನ್ನದು, ನೀನು ಕೆಲಸಕ್ಕೆ ಹೋಗು.”

ನಮಗೆಂದೇ ಹೊಸ ಪಾತ್ರೆ ತಂದಳು, ಹೊಸ ಸೌಟು ತಂದಳು, ಗುರುತಿಗೆ ಎರಡರ ಹಿಡಿಕೆಗೂ ಕೆಂಪು ದಾರ ಕಟ್ಟಿದಳು. ತನಗೆ ಮೀನು ಹುರಿಯುವ ದಿನ ನನ್ನನ್ನು ಅಂಗಳಕ್ಕೆ ಅಟ್ಟಿ, ಹುರಿದು, ತೊಳೆದು, ನಿಂಬೆಹಣ್ಣು ಉಜ್ಜಿ, ಆಮೇಲೆ ಒಳಗೆ ಕರೆಯುತ್ತಿದ್ದಳು. ಈಗಿನವರು ಇದಕ್ಕೆ ಗೌರವ, ಸಂವೇದನೆ ಎಂದೆಲ್ಲ ಹೆಸರಿಡುತ್ತಾರೆ, ತರಗತಿ ನಡೆಸುತ್ತಾರೆ. ಲೋಲಾ ಅದನ್ನು ಮನೆಗೆಲಸ ಎಂದುಕೊಂಡಿದ್ದಳು.

ಅವಳ ಅಡುಗೆಯನ್ನು ಹೊಗಳಲು ಹೊರಟರೆ ನನಗೆ ನಾಚಿಕೆಯಾಗುವುದಿಲ್ಲ. ಬೆಳಿಗ್ಗೆ ನಿನ್ನೆಯ ಅನ್ನವನ್ನು ಕೈಯಲ್ಲಿ ಉದುರಿಸಿ, ಬೆಳ್ಳುಳ್ಳಿಯನ್ನು ಕಂದುಬಣ್ಣಕ್ಕೆ ಹುರಿದು, ಅದರಲ್ಲಿ ಅನ್ನ ಬಾಡಿಸುತ್ತಿದ್ದಳು. ನೈಟ್ ಡ್ಯೂಟಿ ಮುಗಿಸಿ ಬಂದ ಅವ್ವ ಬೂಟು ಕೂಡ ಬಿಚ್ಚದೆ, ಒಲೆಯ ಪಕ್ಕ ನಿಂತೇ ಅದನ್ನು ತಿನ್ನುತ್ತಿದ್ದಳು. ಹುಣಸೆಹಣ್ಣಿನ ಹುಳಿ ಕಿವಿ ಬಿಸಿಯಾಗುವಷ್ಟು ಇರುವ ತರಕಾರಿ ಸಾರು, ತೆಂಗಿನಹಾಲಿನಲ್ಲಿ ಬೆಂದ ಕುಂಬಳಕಾಯಿ, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸಿಹಿ. ಎಲ್ಲಕ್ಕಿಂತ ಮೇಲು ಮೊಂಗೊ. ಮೊಂಗೊ ಎಂದರೆ ಹೆಸರುಕಾಳು. ಕಾಳು ಕರಗುವವರೆಗೆ ಬೇಯಿಸಿ, ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಬಾಡಿಸಿ ಹಾಕಿ, ಕೊನೆಗೆ ಹಿತ್ತಲಿನ ಕುಂಡದಲ್ಲಿ ಬೆಳೆದ ನುಗ್ಗೆಸೊಪ್ಪು ಉದುರಿಸುತ್ತಿದ್ದಳು. ಅವರ ಮನೆಯಲ್ಲಿ ಅದು ಶುಕ್ರವಾರದ ಅಡುಗೆ, ಅದರಲ್ಲಿ ಸಿಗಡಿಯೋ ಹಂದಿಯ ಚೂರೋ ಬೀಳುವುದುಂಟು. ನಮ್ಮ ಪಾತ್ರೆಯಲ್ಲಿ ಅವೇನೂ ಬೀಳುತ್ತಿರಲಿಲ್ಲ. ಆ ಕಾಳಿನಲ್ಲಿ ಅನ್ನ ಕಲಸಿ ಕೈಯಲ್ಲಿ ಉಂಡರೆ ಬಾಯಿಯ ಮೂಲೆಯಲ್ಲಿ ಏನೋ ಒಂದು ಆಳದ ರುಚಿ ನಿಲ್ಲುತ್ತಿತ್ತು. ಅದು ಯಾವುದರದೆಂದು ಕೇಳಬೇಕೆಂದು ನನಗೂ ಹೊಳೆಯಲಿಲ್ಲ, ಅವ್ವನಿಗೂ ಹೊಳೆಯಲಿಲ್ಲ.

ಅವಳ ಮೇಜಿನ ಸುತ್ತ ಒಂಟಿಯಾಗಿ ಉಂಡವರನ್ನು ನಾನು ಕಾಣೆ. ಯಾರು ಗ್ಯಾರೇಜಿನ ಮುಂದೆ ಹಾದರೂ “ಕಾಯಿನ್ ನಾ!” ಎಂದು ಕೂಗುತ್ತಿದ್ದಳು, ಬಾ ಊಟಕ್ಕೆ ಎಂದು. ನೀರಿನ ಪೈಪು ರಿಪೇರಿಗೆ ಬಂದವನು ಊಟ ಮಾಡಿಯೇ ರಿಪೇರಿ ಶುರು ಮಾಡಬೇಕಾಯಿತು. ಜಗಳವೂ ಅಲ್ಲಿಯೇ. ತನ್ನ ಅಮ್ಮನ ಶುಗರಿಗೆ ಒಳ್ಳೆಯದೆಂದು ಟೀಟಾ ಕಂದು ಅಕ್ಕಿ ತಂದಾಗ ಲೋಲಾ ಅದನ್ನು ಒಂದು ಹೊತ್ತು ಬೇಯಿಸಿ, ರುಚಿ ನೋಡಿ, ಅಂಗಳದ ಗುಬ್ಬಿಗಳಿಗೆ ಹಾಕಿದಳು. ತಾಯಿ ಮಗಳು ಎರಡು ದಿನ ನನ್ನ ಮೂಲಕ ಮಾತಾಡಿದರು. ಈಗ ಪ್ಲೆಸೆಂಟನ್‌ನಲ್ಲಿ ನನಗೆ ನನ್ನದೇ ಅಡುಗೆಮನೆ ಇದೆ, ಹೊಗೆ ಹೀರುವ ದುಬಾರಿ ಯಂತ್ರವಿದೆ, ಊಟಕ್ಕೆ ಬರುವವರು ವಾರ ಮೊದಲೇ ಮೆಸೇಜು ಮಾಡಿ ಏನೇನು ತಿನ್ನುವುದಿಲ್ಲವೆಂದು ತಿಳಿಸುತ್ತಾರೆ. ಪಾಪ, ಒಳ್ಳೆಯವರೇ. ಆದರೆ ಹಸಿವು ಯಾರ ಮುಖದಲ್ಲೂ ಕಾಣುವುದಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವ್ವನ ಅವ್ವ ಧಾರವಾಡದಿಂದ ಬಂದಳು. ಮಗಳು ಸೊರಗಿದ್ದಾಳೆಂದು ಕೇಳಿ ಆರೈಕೆಗೆ ಬಂದವಳು. ಕೊರಳಲ್ಲಿ ಲಿಂಗ, ಸೂಟ್‌ಕೇಸಿನಲ್ಲಿ ಗುರೆಳ್ಳು ಚಟ್ನಿಪುಡಿ, ಖಡಕ್ ರೊಟ್ಟಿ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಹೊರಗಿನವರ ಮನೆಯಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಿದವಳಲ್ಲ. ನನಗೆ ಕನ್ನಡ ಬರೆಯಲು ಕಲಿಸಿದ್ದೂ ಅವಳೇ, ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕೇಳಿಸದವಳ ಹಾಗೆ ಕೂತಿರುತ್ತಿದ್ದಳು.

ಈ ಇಬ್ಬರು ಮುದುಕಿಯರಿಗೆ ಹೊಂದುವುದಿಲ್ಲವೆಂದು ಅವ್ವ ಹೆದರಿದ್ದಳು. ಆದದ್ದೇ ಬೇರೆ. ಬಂದ ಮಾರನೆಯ ದಿನ ಲೋಲಾಳ ಬಚ್ಚಲಿಗೆ ಹೋದ ಅಜ್ಜಿ ಅಲ್ಲಿ ಬಕೆಟ್ಟು, ಅದರಲ್ಲಿ ತೇಲುವ ಹಿಡಿಕೆಯ ಚಂಬು ಕಂಡು ಹೊರಬಂದವಳು ಘೋಷಿಸಿದಳು:

“ಈ ದೇಶದಾಗ ಸ್ವಚ್ಛ ಮಂದಿ ಅಂದ್ರ ಇವರೊಬ್ಬರ ನೋಡು. ಉಳಿದವರು ಕಾಗದದಾಗ ಒರಸ್ಕೊಂಡು ಅಡ್ಡಾಡ್ತಾರ.”

ಅಲ್ಲಿಂದ ಅವಳಿಗೆ ಲೋಲಾ ‘ಲೋಲಾಬಾಯಿ’ ಆದಳು. ಇಬ್ಬರೂ ಹಿತ್ತಲಿನಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಇವಳದು ಕನ್ನಡ, ಅವಳದು ತಗಾಲೊಗ್, ನಡುವೆ ಕೂರಿಸಿಕೊಂಡ ನನ್ನನ್ನು ಬಹಳ ಸಲ ಮರೆತೇ ಬಿಡುತ್ತಿದ್ದರು. ಅಕ್ಕಿಗೆ ನೀರು ಅಳೆಯುವುದು ಬೆರಳ ಗೆಣ್ಣಿನಲ್ಲಿ ಎಂದು ಇಬ್ಬರಿಗೂ ಗೊತ್ತಾದ ದಿನ ಕೈಗೆ ಕೈ ತಟ್ಟಿ ನಕ್ಕರು. ಕೆಂಪು ದಾರದ ಪಾತ್ರೆ ನೋಡಿದ ಮೇಲೆ, ಒಂದು ಶುಕ್ರವಾರ, ಅಜ್ಜಿ ತಾನಾಗಿ ತಟ್ಟೆ ಮುಂದೆ ಚಾಚಿದಳು. ಅವ್ವ ಕಣ್ಣು ಬಿಟ್ಟುಕೊಂಡು ನೋಡಿದಳು. ಅಜ್ಜಿ ಕಾಳು ಅನ್ನ ಕಲಸಿ ಉಂಡು, ಮತ್ತೆ ಹಾಕಿಸಿಕೊಂಡು, ತಟ್ಟೆ ಬಳಿದು ಹೇಳಿದಳು:

“ಕಾಳು ಅಂದ್ರ ಹಿಂಗಿರಬೇಕು ನೋಡ. ನಮ್ಮ ಕಡೆ ಇಷ್ಟು ವರ್ಷ ಬರೇ ನೀರು ಕುಡದೇವಿ.”

ಚಳಿಗಾಲವೆಲ್ಲ ಶುಕ್ರವಾರ ಬಂತೆಂದರೆ ಅಜ್ಜಿಗೆ ಮೊಂಗೊ. ಅವ್ವನ ಕೆನ್ನೆಗೂ ಸ್ವಲ್ಪ ಮಾಂಸ ಹತ್ತಿತು. ಊರಿಗೆ ಹೋದ ಮೇಲೆ ಸೊಸೆಯರಿಗೆ ಮಾಡಿ ಬಡಿಸಬೇಕೆಂದು ಅಜ್ಜಿಗೆ ಆಸೆ ಹುಟ್ಟಿತು. ಲೋಲಾಬಾಯಿ ಕಲಿಸಲಿ, ನಾನು ನಿಂತು ನೋಡುತ್ತೇನೆ ಎಂದಳು. ಇದನ್ನು ನಾನು ಲೋಲಾಳಿಗೆ ಹೇಳಿದಾಗ ಅವಳು ಏಪ್ರನ್ ಬದಲಿಸಿ ಬಂದಳು. ಬುಲಕಾನ್ ಅವಳ ಊರು. ಅಡುಗೆ ಎಂಬುದು ಬುಲಕಾನಿನಲ್ಲಿ ಹುಟ್ಟಿ ಉಳಿದ ಕಡೆ ಕೆಟ್ಟಿತು ಎಂಬುದು ಅವಳ ಗಟ್ಟಿ ನಂಬಿಕೆ. ದೇವರಪೂಜೆ ಬಿಟ್ಟರೆ ಬೇರೆಲ್ಲೂ ಕಾಣದ ಶ್ರದ್ಧೆಯಲ್ಲಿ ಅಜ್ಜಿ ಸೆರಗು ಸಿಕ್ಕಿಸಿ ಒಲೆಯ ಪಕ್ಕ ನಿಂತಳು. ಕಾಳು ಬೆಂದಿತು, ಬೆಳ್ಳುಳ್ಳಿ ಬಾಡಿತು, ಸೊಪ್ಪು ಬಿತ್ತು. ಕೊನೆಗೆ ಲೋಲಾ ಶೆಲ್ಫಿನಿಂದ ಒಂದು ಬಾಟಲಿ ತೆಗೆದು, ಕಂದು ಬಣ್ಣದ ತಿಳಿನೀರನ್ನು ಪಾತ್ರೆಯ ಸುತ್ತ ಒಂದು ಸುತ್ತು ಸುರಿದಳು.

“ಇದೇನು, ಕೂಸ?”

“ಉಪ್ಪು ಅಜ್ಜಿ. ಲೋಲಾ ಮನೆ ಉಪ್ಪು.”

ನಾನು ತಿಳಿದದ್ದು ಅದೇ. ಉಪ್ಪು ಕೊಡು ಎಂದು ಲೋಲಾ ಕೇಳಿದಾಗಲೆಲ್ಲ ನಾನು ಎತ್ತಿಕೊಡುತ್ತಿದ್ದ ಬಾಟಲಿ ಅದು. ಅಜ್ಜಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಬಾಟಲಿ ತಿರುಗಿಸಿ ಚೀಟಿ ನೋಡಿದಳು. ಅಜ್ಜಿಗೆ ಇಂಗ್ಲಿಷು ಬರದು. ಓದುವ ಅಗತ್ಯವೂ ಇರಲಿಲ್ಲ, ಚೀಟಿಯ ಮೇಲೆ ಬಾಲ ಎತ್ತಿದ ದೊಡ್ಡ ಮೀನಿನ ಚಿತ್ರವಿತ್ತು. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನೂ ತಿರುಗಿಸಿ ಓದಿಯೇ ಕೊಳ್ಳುವ ನನ್ನ ಅವ್ವ ಆ ಬಾಟಲಿಯನ್ನು ದಿನಾ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ಒಬ್ಬರ ಮನೆಯ ಉಪ್ಪಿನ ಚೀಟಿಯನ್ನು ಯಾರು ತಿರುಗಿಸಿ ನೋಡುತ್ತಾರೆ?

ಅಜ್ಜಿ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು, ಕೈ ತೊಳೆದು ನಮ್ಮ ಕೋಣೆಗೆ ಹೋದಳು. ಲೋಲಾ ಸೌಟು ಹಿಡಿದುಕೊಂಡೇ ನನ್ನನ್ನು ಕೇಳಿದಳು. ನಾನು ಹೇಳಿದೆ, ಅದರಲ್ಲಿ ಮೀನಿದೆ ಅಂತ ಅಜ್ಜಿ ಹೋದಳು ಎಂದು.

“ಅದು ಮೀನಲ್ಲ ಅನಾಕ್,” ಎಂದಳು. ಅನಾಕ್ ಎಂದರೆ ಮಗು. “ಅದು ಪತೀಸ್. ಮೀನು ಬೇರೆ, ಪತೀಸ್ ಬೇರೆ. ಪತೀಸ್ ಅಂದರೆ…”

ಮೀನಿಗೆ ಉಪ್ಪು ಬೆರೆಸಿ, ತಿಂಗಳುಗಟ್ಟಲೆ ಜಾಡಿಯಲ್ಲಿಟ್ಟು, ಮೇಲೆ ತಿಳಿಯಾಗಿ ಬರುವ ನೀರು ಅದು. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹುಟ್ಟಿದಾಗಿನಿಂದ ಅವಳ ಮನೆಯಲ್ಲಿ ಉಪ್ಪು ಎಂದರೆ ಅದೇ. ಅದು ಅಡುಗೆಯ ಲೆಕ್ಕಕ್ಕೆ ಬರುವ ಪದಾರ್ಥವಾಗಿರಲೇ ಇಲ್ಲ. ಅವಳು ಅಕ್ಕಿಚೀಲದ ಮೇಲೆ ಕುಸಿದು ಕೂತು ಬಾಯಿಗೆ ಕೈ ಅಡ್ಡ ಹಿಡಿದಳು. ನಿತ್ಯ ಜಪಮಣಿ ಎಣಿಸುವ ಹೆಂಗಸಿಗೆ ವ್ರತ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಳಗೆ ಅಜ್ಜಿ ಮತ್ತೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತಳು. ಆ ದಿನ ಊಟ ಮಾಡಲಿಲ್ಲ. ಆಸ್ಪತ್ರೆಯಿಂದ ಬಂದ ಅವ್ವ ಸುದ್ದಿ ಕೇಳಿ ಮೊದಲು ಬಿಳಿಚಿಕೊಂಡಳು, ಆಮೇಲೆ ತನ್ನ ತಾಯಿಯ ಮೇಲೆಯೇ ಹರಿಹಾಯ್ದಳು.

“ನೀ ಬಂದ ವಿಮಾನದಾಗ ಕೇಕ್ ತಿಂದಿ, ಅದರಾಗ ತತ್ತಿ ಇರಲಿಲ್ಲೇನು? ಆಕಿ ಬೇಕಂತ ಹಾಕಿದ್ಲೇನು? ಇಷ್ಟು ವರ್ಷ ನನ್ನ ಮಗಳನ್ನ ಯಾರು ನೋಡ್ಕೊಂಡಾರ? ನಾ ಡ್ಯೂಟಿ ಮುಗಿಸಿ ಬಂದಾಗ ಯಾರು ಉಣಿಸ್ಯಾರ?”

“ನಾ ಆಕಿಗೆ ಏನರ ಅಂದೆನೇನು?” ಎಂದಳು ಅಜ್ಜಿ. “ಒಂದು ಮಾತೂ ಆಡಿಲ್ಲ. ನನ್ನ ಹೊಟ್ಟಿಗೆ ಬಿದ್ದದ್ದು ನನಗ ಹತ್ತಿದ್ದು.”

ಅಪ್ಪ ಇಂಥ ಹೊತ್ತಿನಲ್ಲಿ ಯಾವಾಗಲೂ ಪರಿಹಾರ ಹುಡುಕುವವನು.

“ಫ್ರೀವೇ ಆಚೆ ಒಂದು ಅಪಾರ್ಟ್‌ಮೆಂಟು ನೋಡಿದೀನಿ. ನಂಗೂ ಆಫೀಸು ಹತ್ರ ಆಗತ್ತೆ. ತಿಂಗಳ ಕೊನೇಲಿ ಶಿಫ್ಟ್ ಆಗ್ಬಿಡೋಣ, ಯಾರಿಗೂ ಮುಜುಗರ ಬೇಡ.”

“ಐ ಡೋಂಟ್ ವಾಂಟ್ ಟು ಮೂವ್,” ಎಂದು ನಾನು ಕಿರುಚಿದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಹಾಗೆ ಒಂದು ಮನೆಯನ್ನು ಕಳೆದುಕೊಳ್ಳಬಹುದು ಎಂದು ನನಗೆ ಗೊತ್ತಾದದ್ದು ಆಗ. ನನಗೆ ಅದು ಬಾಡಿಗೆಯ ಮನೆಯೆಂಬುದೇ ನೆನಪಿರಲಿಲ್ಲ.

ಅಪ್ಪ ಅಡ್ವಾನ್ಸು ಕೊಡುವ ಮಾತಾಡತೊಡಗಿದ. ಇತ್ತ ಲೋಲಾ ನಮಗೆ ಅಡುಗೆ ಮಾಡುವುದನ್ನು ನಿಲ್ಲಿಸಿದಳು. ಮುನಿಸಿನಿಂದ ಅಲ್ಲ. ಸ್ಕೂಲಿನಿಂದ ಬಂದ ನನಗೆ ಅಂಗಡಿಯ ಸೀಲು ಒಡೆಯದ ಬಿಸ್ಕತ್ತು, ಸೀಲು ಒಡೆಯದ ಬ್ರೆಡ್ಡು ಕೊಡುತ್ತಿದ್ದಳು. ಕೊಡುವ ಮೊದಲು ಪೊಟ್ಟಣದ ಹಿಂಭಾಗವನ್ನು ನನ್ನ ಕಣ್ಣ ಮುಂದೆ ಹಿಡಿದು, “ಓದು, ಪೂರ್ತಿ ಓದು” ಎನ್ನುತ್ತಿದ್ದಳು. ನಾನು ಓದುವಾಗ ಅವಳು ತನ್ನ ಎರಡು ಕೈಗಳನ್ನೂ ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡಿರುತ್ತಿದ್ದಳು. ತನ್ನ ಕೈಗಳ ಮೇಲೆಯೇ ಅವಳಿಗೆ ನಂಬಿಕೆ ಹೋಗಿತ್ತು. ಗ್ಯಾರೇಜಿನ ಮುಂದೆ ಹಾದು ಹೋಗುವವರನ್ನು ಅವಳು ಕೂಗಿ ಕರೆಯುವುದೂ ನಿಂತಿತು.

ಒಂದು ಶುಕ್ರವಾರ ಮಧ್ಯಾಹ್ನ, ಅವ್ವನಿಗೂ ನನಗೂ ರಜೆಯಿದ್ದ ದಿನ, ಟೀಟಾ ಬೆತ್ ನಮ್ಮ ಕೋಣೆಗೆ ಬಂದು ಹಾಸಿಗೆಯ ಅಂಚಿಗೆ ಕೂತು ಅರ್ಧ ನಗುತ್ತಾ ಅರ್ಧ ಅಳುತ್ತಾ ಅವ್ವನಿಗೆ ಏನೇನೋ ಹೇಳಿದಳು. ಅಜ್ಜಿ ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ಕೇಳಿದಳು.

“ಏನಂತಾಳ?”

ನಾನು ಹೇಳಿದೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಇವು. ಅವರಲ್ಲಿ ಪ್ರತಿಯೊಬ್ಬರೂ ತಮಗೆ ಪ್ರೀತಿಯಾದದ್ದೊಂದನ್ನು ಬಿಡುತ್ತಾರೆ. ಪ್ರತಿವರ್ಷ ಲೋಲಾ ಟಿವಿ ಧಾರಾವಾಹಿ ಬಿಡುತ್ತಿದ್ದಳು. ಈ ಸಲ ಪತೀಸ್ ಬಿಟ್ಟಿದ್ದಾಳೆ. ಬೇರೆ ಉಪ್ಪು ಅವಳ ನಾಲಿಗೆಗೆ ಒಗ್ಗುವುದಿಲ್ಲ, ಅದಕ್ಕೆ ಸಪ್ಪೆಯದನ್ನೇ ಎರಡು ತುತ್ತು ತಿಂದು ಎದ್ದುಬಿಡುತ್ತಾಳೆ. ಬಾಟಲಿಯನ್ನು ಕಸಕ್ಕೆ ಎಸೆದಿದ್ದಳಂತೆ, ಟೀಟಾ ಅದನ್ನು ಎತ್ತಿ ಸೋಪಿನ ಪುಡಿಯ ಹಿಂದೆ ಬಚ್ಚಿಟ್ಟಿದ್ದಾಳೆ.

ಅಜ್ಜಿ ಹಿಟ್ಟನ್ನು ಪಕ್ಕಕ್ಕೆ ಸರಿಸಿದಳು.

“ನಾ ಉಂಡದ್ದು ಗೊತ್ತಿಲ್ಲದ. ಸ್ನಾನ ಮಾಡಿದೆ, ಮುಗೀತು. ಆಕಿ ಗೊತ್ತಿದ್ದೂ ಗೊತ್ತಿದ್ದೂ ಉಪವಾಸ ಬೀಳಾಕತ್ತಾಳಲ್ಲ, ಇದ್ಯಾವ ನ್ಯಾಯ?”

ಕೈ ತೊಳೆದು, ಚಟ್ನಿಪುಡಿಯ ಡಬ್ಬಿ ಎತ್ತಿಕೊಂಡು, ನನ್ನ ರಟ್ಟೆ ಹಿಡಿದು ಗ್ಯಾರೇಜಿಗೆ ನಡೆದಳು. ಲೋಲಾ ಒಲೆಯ ಮುಂದಿದ್ದಳು. ನಮ್ಮನ್ನು ಕಂಡು ಕೈಗಳನ್ನು ಏಪ್ರನ್ನಿಗೆ ಸೇರಿಸಿದಳು. ಕೆಂಪು ದಾರದ ಪಾತ್ರೆಯಲ್ಲಿ ಮೊಂಗೊ ಬೇಯುತ್ತಿತ್ತು. ಬಡಿಸಲು ಧೈರ್ಯವಿಲ್ಲದಿದ್ದರೂ ಶುಕ್ರವಾರ ಬಂದರೆ ಅವಳಿಗೆ ನಮ್ಮ ಪಾತ್ರೆ ಒಲೆಗೆ ಏರಿಸದೆ ಇರಲಾಗಿರಲಿಲ್ಲ. ಅಜ್ಜಿ ಅವಳ ಭುಜ ಹಿಡಿದು ಮೇಜಿನ ಮುಂದೆ ಕೂರಿಸಿದಳು. ತಟ್ಟೆಗೆ ಅನ್ನ ಹಾಕಿ, ಮೇಲೆ ಕಾಳು ಹಾಕಿದಳು. ನನಗೆ ಕಣ್ಸನ್ನೆ ಮಾಡಿದಳು. ನಾನು ಸೋಪಿನ ಪುಡಿಯ ಹಿಂದಿನಿಂದ ಬಾಟಲಿ ತಂದೆ. ಅಜ್ಜಿ ಅದನ್ನು ಮೊದಲು ಸೆರಗಿನಲ್ಲಿ ಹಿಡಿದುಕೊಂಡಳು. ಆಮೇಲೆ ಸೆರಗು ಬಿಟ್ಟು ಬರಿಗೈಯಲ್ಲೇ ಹಿಡಿದಳು.

ಲೋಲಾ ತಲೆಯಾಡಿಸಿ ತಟ್ಟೆಗೆ ಕೈ ಅಡ್ಡ ಇಟ್ಟಳು.

“ಕೇಳು ಆಕೀನ,” ಎಂದಳು ಅಜ್ಜಿ ನನಗೆ. “ಇದನ್ನ ದೇವರ ಸಲುವಾಗಿ ಬಿಟ್ಟಿದ್ರ ನಾ ನಡುವ ಬರಂಗಿಲ್ಲ. ನನ್ನ ಸಲುವಾಗಿ ಬಿಟ್ಟಿದ್ರ ನಾ ಒಪ್ಪಂಗಿಲ್ಲ. ಯಾವುದು ಅಂತ ಖರೇ ಹೇಳಂತ ಹೇಳು.”

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಲೋಲಾ ದೇವರ ಹೆಸರಿನಲ್ಲಿ ಸುಳ್ಳು ಹೇಳುವವಳಲ್ಲ. ಗದ್ದದಿಂದ ಅಜ್ಜಿಯ ಕಡೆ ತೋರಿಸಿದಳು. ಆಮೇಲೆ ತಟ್ಟೆಯ ಮೇಲಿನ ಕೈ ತೆಗೆದಳು. ಅಜ್ಜಿ ಮುಖ ಒಂದಿಷ್ಟೂ ಕಿವುಚದೆ, ಮೀನಿನ ಚಿತ್ರದ ಬಾಟಲಿ ಬಗ್ಗಿಸಿ, ಆ ನೀರನ್ನು ಲೋಲಾಳ ಅನ್ನದ ಮೇಲೆ ತಾನೇ ಸುರಿದಳು. “ಸಾಕಾದ್ರ ಹೇಳು” ಎಂದು ಕನ್ನಡದಲ್ಲೇ ಕೇಳಿದಳು. ಲೋಲಾ ಅಳುತ್ತಾ, ಇನ್ನೂ ಸ್ವಲ್ಪ ಎಂದು ಬೆರಳು ತೋರಿಸಿದಳು.

ಆಮೇಲೆ ಅಜ್ಜಿ ಅದೇ ಪಾತ್ರೆಯಿಂದ ತನಗೆ ಸಪ್ಪೆ ಕಾಳು ಬಡಿಸಿಕೊಂಡು, ಮೇಲೆ ಚಟ್ನಿಪುಡಿ ಉದುರಿಸಿದಳು. ನನಗೂ ಬಡಿಸಿದಳು. ಚಟ್ನಿಪುಡಿಯ ಡಬ್ಬಿಯನ್ನು ನನ್ನ ತಟ್ಟೆಯ ಒಂದು ಪಕ್ಕಕ್ಕಿಟ್ಟಳು. ಬಾಟಲಿಯನ್ನು ಶೆಲ್ಫಿಗೆ ಇಡಲಿಲ್ಲ, ನನ್ನ ತಟ್ಟೆಯ ಇನ್ನೊಂದು ಪಕ್ಕಕ್ಕಿಟ್ಟಳು. ಇಟ್ಟು, ನೀರು ಬೇಕೆಂದು ನಲ್ಲಿಯ ಕಡೆ ಎದ್ದು ಹೋಗಿ, ನನಗೆ ಬೆನ್ನು ಮಾಡಿ ನಿಂತಳು. ಲೋಲಾ ಊಟಕ್ಕೆ ಮುಂಚಿನ ಪ್ರಾರ್ಥನೆಗೆ ಕಣ್ಣು ಮುಚ್ಚಿದಳು. ಒಂದು ಲೋಟ ನೀರು ತುಂಬಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಲೋಟ ತುಂಬಿ ಹೊರಗೆ ಚೆಲ್ಲುತ್ತಿತ್ತು, ಅಜ್ಜಿ ನಲ್ಲಿ ನಿಲ್ಲಿಸಿರಲಿಲ್ಲ.

ನಾನು ಬಾಟಲಿ ಎತ್ತಿ ನಾಲ್ಕು ಹನಿ ಹಾಕಿಕೊಂಡು ಕಲಸಿದೆ. ವಾಸನೆ ಮೇಜಿನ ಮೇಲೆಲ್ಲ ಹರಡಿತು. ಅಜ್ಜಿ ನಲ್ಲಿ ನಿಲ್ಲಿಸಿ ತಿರುಗಿದಳು. ನನ್ನ ತಟ್ಟೆ ನೋಡಲಿಲ್ಲ, ಮುಖ ನೋಡಿದಳು.

“ಹೊಟ್ಟಿ ತುಂಬ ಉಣ್ಣು, ಕೂಸ,” ಎಂದಳು. “ನಿಮ್ಮಪ್ಪಗ ನಾ ಹೇಳ್ತೀನಿ. ಮನಿ ಬಿಡೂದು ಬ್ಯಾಡ.”